ಇಂದಿರಾನಗರದ ಊಟದಲ್ಲಿ ನಮ್ಮ ಬೇಲಿಯ ಕುದನೆ

ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಿದ್ದೆ. ಕಾಸರಗೋಡಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೇವೆ. ಡಾಕ್ಟರ ಕೆಲಸ ಹನ್ನೊಂದಕ್ಕೇ ಮುಗಿಯಿತು. ಅಕ್ಕನ ಮಗನ ಆಫೀಸು ಇಂದಿರಾನಗರದ ಹತ್ತಿರ. "ಮಾವ, ಇವತ್ತು ಬುಧವಾರ. ನನಗೆ ಒಂದು ಗಂಟೆ ಬಿಡುವು. ಪ್ಯಾನ್ ಏಷಿಯನ್ ಊಟ ಮಾಡೋಣ ಬನ್ನಿ" ಅಂದ.

ಕಣ್ಣಿಗೆ ಔಷಧಿ ಬಿಟ್ಟಿದ್ದರು. ಮೆನು ಕಾರ್ಡು ಪೂರ್ತಿ ಮಂಜು. ಅವನು ಓದಿದ, ನಾನು ಕೇಳಿದೆ. ಥಾಯ್, ಚೀನಾ, ಜಪಾನ್, ವಿಯೆಟ್ನಾಂ, ಕೊರಿಯಾ, ಎಲ್ಲ ಒಂದೇ ಸೂರಿನಡಿ. ನೀರುದೋಸೆ, ಛೋಲೆ ಭಟೂರೆ, ಢೋಕ್ಲಾ ಮೂರನ್ನೂ ಒಂದೇ ಬಟ್ಟಲಲ್ಲಿಟ್ಟು ಪ್ಯಾನ್ ಇಂಡಿಯನ್ ಅಂದ ಹಾಗೆ ಅಲ್ವಾ?

ಆ ಹೋಟೆಲಲ್ಲಿ ವಾರದ ದಿನ ಮಧ್ಯಾಹ್ನ ಮಾತ್ರ ಸೆಟ್ ಲಂಚ್ ಇರುತ್ತದೆ. ಸೂಪು, ಡಿಮ್ ಸಮ್ ಎಂಬ ಹಬೆಯಲ್ಲಿ ಬೇಯಿಸಿದ ಪುಟ್ಟ ಕಡುಬು, ಒಂದು ಕರಿ, ಅನ್ನ, ಕೊನೆಗೆ ಒಂದು ಸಿಹಿ, ಒಬ್ಬರಿಗೆ 695 ರೂಪಾಯಿ. ಬಿಡಿಬಿಡಿಯಾಗಿ ತಗೊಂಡರೆ ಜಾಸ್ತಿ ಆಗುತ್ತದೆ. ನಾನು ಹಸಿರು ಥಾಯ್ ಕರಿ ಹೇಳಿದೆ.

ನಾವು ಮೀನು ತಿನ್ನದವರು. ಥಾಯ್ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಮೀನಿನ ಸಾಸ್ ಬೀಳುತ್ತದೆ. ಮಸಾಲೆ ಅರೆಯುವಾಗಲೇ ಸೀಗಡಿ ಪೇಸ್ಟ್ ಸೇರಿಸುವುದೂ ಇದೆ. ಹಾಗಾಗಿ ಬಟ್ಟಲಲ್ಲಿ ತರಕಾರಿ ಮಾತ್ರ ಕಾಣುತ್ತದೆ ಎಂದರೆ ಸಾಲದು. "ವೆಜ್ ತಾನೇ?" ಎಂದು ಕೇಳಿದರೆ "ಹೌದು ಸರ್" ಎಂದೇ ಉತ್ತರ ಬರುತ್ತದೆ. ನಾನು ಮಸಾಲೆಯಲ್ಲಿ ಏನಿದೆ ಎಂದು ಕೇಳಿದೆ. ಹುಡುಗ ಒಳಗೆ ಹೋಗಿ ಬಂದು, ಸಸ್ಯಾಹಾರಿಗಳಿಗೆ ಬೇರೆ ಅರೆದದ್ದು ಇದೆ, ಅದರಲ್ಲೇ ಮಾಡಿಸುತ್ತೇನೆ ಎಂದ. ಕೇಳದಿದ್ದರೆ ಯಾವುದು ಬರುತ್ತಿತ್ತೋ.

ಡಿಮ್ ಸಮ್ ಚೆನ್ನಾಗಿತ್ತು, ಎರಡೇ ಇತ್ತು. ಕರಿ ಬಂತು. ಅಳಿಯ ಚಾಪ್‌ಸ್ಟಿಕ್ಕಿನಲ್ಲಿ ಅನ್ನ ಹೆಕ್ಕುತ್ತಿದ್ದ. ಥಾಯ್ ಜನ ಅನ್ನವನ್ನು ಚಮಚದಲ್ಲೇ ಉಣ್ಣುತ್ತಾರೆ, ಕಡ್ಡಿ ನೂಡಲ್ಸಿಗೆ. ಇದನ್ನು ಹೇಳಿದ್ದು ಅವನಿಗೆ ಇಷ್ಟವಾಗಲಿಲ್ಲ. ನಾನು ಚಮಚ ಹಾಕಿದೆ. ಬಟಾಣಿಯಂಥ ಒಂದು ಹಸಿರು ಕಾಯಿ ಹಲ್ಲಿಗೆ ಸಿಕ್ಕಿ ಟಪ್ ಎಂದು ಒಡೆಯಿತು. ಸಣ್ಣ ಕಹಿ, ಬಾಯಿ ತುಂಬ ಬೀಜ. ಕಣ್ಣು ಕಾಣದಿದ್ದರೂ ನಾಲಿಗೆಗೆ ಗುರುತು ಸಿಕ್ಕಿತು. ಕುದನೆ! ಸುಂಡೆಕಾಯಿ ಅನ್ನುತ್ತಾರಲ್ಲ, ಅದೇ. ನಮ್ಮ ತೋಟದ ಬೇಲಿಯಲ್ಲಿ ಸುಮ್ನೆ ಬೆಳೆದು ಹಕ್ಕಿಗಳ ಪಾಲಾಗುತ್ತದೆ.

ಬಿಲ್ಲಿನಲ್ಲಿ ಶೇಕಡಾ 10 ಸರ್ವಿಸ್ ಚಾರ್ಜು ಸೇರಿಸಿ, ಅದರ ಮೇಲೂ ಶೇಕಡಾ 5 ಜಿಎಸ್‌ಟಿ ಹಾಕಿದ್ದರು. ಒಟ್ಟು 1605. ಸರ್ವಿಸ್ ಚಾರ್ಜನ್ನು ತಾವಾಗಿಯೇ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ತೆಗೆಯಿರಿ ಎಂದೆ, ತೆಗೆದರು. 1460 ಆಯಿತು. ಅಳಿಯ ಆಗ ಕಿಟಕಿಯಾಚೆ ನೋಡುತ್ತಿದ್ದ.

ಊರಿಗೆ ಬಂದ ಮೇಲೆ ನಾನೇ ಮಾಡಿ ನೋಡುವ ಹುಚ್ಚು ಹಿಡಿಯಿತು. ಸಾಮಾನಿನ ಪಟ್ಟಿ ಮಾಡಿದರೆ ಅರ್ಧ ಹಿತ್ತಿಲಲ್ಲೇ ಇತ್ತು. ಮಜ್ಜಿಗೆ ಹುಲ್ಲು, ಅಂದರೆ ಲೆಮನ್ ಗ್ರಾಸ್, ಬಾವಿ ಕಟ್ಟೆಯ ಪಕ್ಕ. ಗಾಂಧಾರಿ ಮೆಣಸು, ಕಾಮಕಸ್ತೂರಿ ಎಲೆ, ಬೋಳುಕಾಳು (ಬಿಳಿ ಕಾಳುಮೆಣಸು), ಓಲೆಬೆಲ್ಲ (ತಾಳೆಬೆಲ್ಲ) ಮನೆಯಲ್ಲೇ. ಶುಂಠಿಯ ಜಾತಿಯ ಗಲಂಗಲ್ ಬೇಕು. ಮಲಯಾಳದಲ್ಲಿ ಅದಕ್ಕೆ ಅರತ್ತ ಎನ್ನುತ್ತಾರೆ, ಪಕ್ಕದ ಮನೆಯವರು ಔಷಧಿಗೆಂದು ನೆಟ್ಟಿದ್ದರು. ಥಾಯ್ ನಿಂಬೆಯ ಎಲೆ ಸಿಗಲಿಲ್ಲ. ಅದರ ಬದಲು ಇಲ್ಲಿ ಮಜ್ಜಿಗೆಗೆ ಕಿವುಚಿ ಹಾಕುವ, ನಿಂಬೆ ಜಾತಿಯ ನಾರಕದ ಎಲೆ ತಂದೆ. ವಾಸನೆ ಅದೇ ಅಲ್ಲ, ಆದರೆ ನಡೆಯುತ್ತದೆ.

ಮೊದಲ ಸಲ ಸೋತೆ. ನಮ್ಮ ಕ್ರಮದಲ್ಲೇ ಮಾಡಿದ್ದೆ. ತೆಂಗಿನಕಾಯಿಯ ಎರಡನೇ ಹಾಲಿನಲ್ಲಿ ಮಸಾಲೆ ಮತ್ತು ಕುದನೆ ಬೇಯಿಸಿ, ಕೊನೆಗೆ ದಪ್ಪ ಹಾಲು ಹೊಯ್ದು, ಕುದಿ ಬರುವ ಮೊದಲೇ ಇಳಿಸಿದೆ. ಹಸಿಹಸಿ ವಾಸನೆ. ಬಣ್ಣ ಬರಲಿ ಎಂದು ಸೋಯಾ ಸಾಸ್ ಬೇರೆ ಸುರಿದಿದ್ದೆ. ಹಸಿರು ಹೋಗಿ ಕೆಸರಿನ ಬಣ್ಣ ಬಂತು. ಅಮ್ಮ ರುಚಿ ನೋಡಿ "ಒಗ್ಗರಣೆ ಮರೆತ ಬೆಂದಿ" ಅಂದರು. ಬೆಂದಿ ಅಂದರೆ ನಮ್ಮ ಕಡೆಯ ಹುಳಿ, ಸಾಂಬಾರು.

ತಪ್ಪು ಹಾಲಿನಲ್ಲಿತ್ತು. ತೆಂಗಿನಹಾಲು ಒಡೆಯಬಾರದು ಎಂದು ನಾವು ಕಲಿತದ್ದು. ಥಾಯ್ ಕರಿಗೆ ಅದು ಒಡೆಯಲೇಬೇಕು. ಎರಡು ತೆಂಗಿನಕಾಯಿ ತುರಿದು ಒಂದನೇ ಹಾಲನ್ನು ಬೇರೆ ಹಿಂಡಿ, ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟೆ. ಮೇಲೆ ಕೆನೆ ಗಟ್ಟಿಯಾಗುತ್ತದೆ. ಆ ಕೆನೆಯನ್ನಷ್ಟೇ ಬಾಣಲೆಗೆ ಹಾಕಿ, ಹದ ಉರಿಯಲ್ಲಿ ತಿರುವುತ್ತಾ ಇದ್ದರೆ ಮೊದಲು ಗುಳ್ಳೆ, ಆಮೇಲೆ ಗೊರಗೊರ ಕಾಳು, ಕೊನೆಗೆ ಬದಿಯಲ್ಲಿ ಎಣ್ಣೆ. ಆ ಎಣ್ಣೆಯಲ್ಲೇ ಮಸಾಲೆ ಹುರಿಯಬೇಕು, ಬೇರೆ ಎಣ್ಣೆ ಬೇಡ. "ಹಾಲು ಒಡೆಯಿತು, ಇಳಿಸು" ಎಂದು ಅಮ್ಮ ಎರಡು ಸಲ ಕೂಗಿದರು. ನಾನು ಇಳಿಸಲಿಲ್ಲ. ಹುರಿದ ಪರಿಮಳ ಜಗಲಿಗೆ ಹೋದ ಮೇಲೆ ಎರಡನೇ ಹಾಲು ಹೊಯ್ದು ಕುದನೆ ಹಾಕಿದೆ. ಅದು ಬೆಂದ ಮೇಲೆ ಉಪ್ಪು, ಚೂರು ಓಲೆಬೆಲ್ಲ, ನಾರಕದ ಎಲೆ. ಒಲೆ ಆರಿಸಿ ಕಾಮಕಸ್ತೂರಿ. ಸೋಯಾ ಸಾಸ್ ಈ ಸಲ ನಾಲ್ಕೇ ಹನಿ.

ಡಬ್ಬಿಯ ಹಾಲಿನಲ್ಲೂ ಒಮ್ಮೆ ಮಾಡಿದ್ದೇನೆ. ಹಾಲು ಬೇರೆಯಾಗದಂತೆ ಅದಕ್ಕೆ ಏನೋ ಸೇರಿಸಿರುತ್ತಾರೆ. ಎಷ್ಟು ಕಾಯಿಸಿದರೂ ಎಣ್ಣೆ ಬಿಡಲಿಲ್ಲ. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರಿನವನು ಡಬ್ಬಿ ಕೊಂಡದ್ದಕ್ಕೆ ಹಾಗೇ ಆಗಬೇಕು.

ಅನ್ನದ ವಿಷಯ ಒಂದು ಮಾತು. ಕುಚ್ಚಿಲಕ್ಕಿ ಇದಕ್ಕೆ ಸೇರುವುದಿಲ್ಲ, ಕಾಳು ದಪ್ಪ, ರಸ ಹೊರಗೇ ಉಳಿಯುತ್ತದೆ. ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಮೆತ್ತಗೆ ಮಾಡಿ.

ಮೊನ್ನೆ ಊರಿನಿಂದ ಹೋಗುವವರ ಕೈಯಲ್ಲಿ ಅಳಿಯನಿಗೆ ಒಂದು ಪೊಟ್ಟಣ ಕುದನೆ, ಎರಡು ಬುಡ ಮಜ್ಜಿಗೆ ಹುಲ್ಲು ಕಳಿಸಿದೆ. ಹುಲ್ಲನ್ನು ಬಾಲ್ಕನಿಯ ಕುಂಡದಲ್ಲಿ ನೆಟ್ಟಿದ್ದಾನಂತೆ, ಚಿಗುರು ಬಂದಿದೆಯಂತೆ. ತೆಂಗಿನಕಾಯಿ ಮಾತ್ರ ಕಳಿಸಬೇಡಿ ಮಾವ, ತುರಿಯುವ ಮಣೆ ಇಲ್ಲ ಅಂದ.