ಕಪ್ಪು ನೀರು, ಒಂದೇ ದೀಪ

ಹದಿನಾಲ್ಕು ನಿಮಿಷದ ನನ್ನ ಹಾರರ್ ಕಿರುಚಿತ್ರ ಕೊನೆಗೂ ಮುಗಿಯಿತು. ಒಬ್ಬನೇ ನಟ, ಒಂದು ಕಪ್ಪು ಕೋಣೆ, ಮಾತೇ ಇಲ್ಲ. ಶುರುವಿನಲ್ಲಿ ದಾವಣಗೆರೆಯ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು: "ಮಾತಿಲ್ಲ, ದೆವ್ವ ಇಲ್ಲ, ಯಾರು ನೋಡ್ತಾರಲೇ ಇದನ್ನ?"

ನನ್ನ ತಲೆಗೆ ಹುಳ ಬಿಟ್ಟಿದ್ದು 2013ರ 'ಅಂಡರ್ ದ ಸ್ಕಿನ್' ಸಿನಿಮಾ. ಅನ್ಯಗ್ರಹದ ಹೆಣ್ಣೊಬ್ಬಳು ಸ್ಕಾಟ್ಲೆಂಡಿನ ಬೀದಿಗಳಲ್ಲಿ ವ್ಯಾನ್ ಓಡಿಸುತ್ತಾ ಗಂಡಸರನ್ನು ಹತ್ತಿಸಿಕೊಳ್ಳುತ್ತಾಳೆ. ವ್ಯಾನಿನಲ್ಲಿ ಕ್ಯಾಮೆರಾ ಬಚ್ಚಿಟ್ಟು ತೆಗೆದಿದ್ದರು. ಕೆಲವರಿಗೆ ಶೂಟಿಂಗ್ ಅಂತಲೇ ಗೊತ್ತಿರಲಿಲ್ಲ. ಆಮೇಲೆ ಬರುತ್ತದೆ ಆ ಕಪ್ಪು ಕೋಣೆ. ಗಂಡಸು ನಡೆಯುತ್ತಾ ನಡೆಯುತ್ತಾ ನೆಲದೊಳಗೆ ಇಳಿದುಹೋಗುತ್ತಾನೆ. ಯಾಕೆ, ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳದೇ ಇರುವುದಕ್ಕೇ ಎದೆ ಝಲ್ ಅನ್ನುತ್ತದೆ. ನನಗೆ ಬೇಕಿದ್ದಿದ್ದು ಅದೇ.

ಮೊದಲ ಸಲ ಮನೆಯಲ್ಲೇ ಕಪ್ಪು ಬಟ್ಟೆ ಕಟ್ಟಿದೆ. ಕ್ಯಾಮೆರಾದಲ್ಲಿ ಮಡಿಕೆ ಮಡಿಕೆಯಾಗಿ ಕಂಡಿತು, ಥೇಟ್ ನಾಟಕದ ಪರದೆ. ಆರು ಸಾವಿರ ಹೋಯಿತು. ಎರಡನೇ ಸಲ ಹಳೇ ಹತ್ತಿ ಗೋಡೌನ್ ಹಿಡಿದೆ, ದಿನಕ್ಕೆ ಎಂಟುನೂರು ಬಾಡಿಗೆ. ನೆಲಕ್ಕೆ ಕಪ್ಪು ಟಾರ್ಪಾಲು ಹಾಸಿ, ಸುತ್ತ ಇಟ್ಟಿಗೆ ಇಟ್ಟು, ಒಂದಿಂಚು ನೀರು ನಿಲ್ಲಿಸಿದೆವು. ಎಲ್ಲೋ ತೂತು. ಬೆಳಿಗ್ಗೆ ನೋಡಿದರೆ ಅರ್ಧ ಖಾಲಿ. ಅವತ್ತಿನ ಕ್ಯಾಮೆರಾ ಬಾಡಿಗೆ ಮೂರೂವರೆ ಸಾವಿರ ದಂಡ. ಮೂರನೇ ಸಲ ಟಾರ್ಪಾಲು ಎರಡು ಪದರ ಹಾಸಿದೆ. ನೀರು ನಿಂತಿತು, ಅಲೆ ನಿಲ್ಲಲಿಲ್ಲ. ನಟ ಹೆಜ್ಜೆ ಇಟ್ಟರೆ ಸಾಕು, ಇದು ಕಪ್ಪು ನೆಲವಲ್ಲ, ನೀರು ಅಂತ ಗೊತ್ತಾಗಿಬಿಡುತ್ತಿತ್ತು. ಹನ್ನೊಂದು ರಾತ್ರಿ ಅದಕ್ಕೇ ಹೋಯಿತು. ಅಲೆ ಹೇಗೆ ಅಡಗಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಮುಂದಿನ ಚಿತ್ರಕ್ಕೂ ಬೇಕು.

ದೀಪ ಒಂದೇ. ಬ್ಯಾಟರಿಯ ಎಲ್‌ಇಡಿ, ನಟನ ಬೆನ್ನ ಹಿಂದೆ, ಮೇಲಿಂದ. ನೀರಿನ ಹತ್ತಿರ ಕರೆಂಟ್ ವೈರ್ ಮಾತ್ರ ಎಳೆಯಲೇಬೇಡಿ. ಕ್ಯಾಮೆರಾ ಎಷ್ಟು ಬೆಳಕು ಹಿಡಿಯಬೇಕು ಅನ್ನೋ ಸೆಟ್ಟಿಂಗ್, ಅಂದರೆ ಐಎಸ್‌ಒ, 800 ದಾಟಿಸಲಿಲ್ಲ. ಮುಖ ಅರ್ಧ ಕಾಣದಿದ್ದರೂ ಇರಲಿ ಅಂತ ಬಿಟ್ಟೆ. ಅದೇ ಜಾಸ್ತಿ ಹೆದರಿಸಿತು.

ಸೌಂಡಿಗೆ ಎರಡು ತಿಂಗಳು ಹಿಡಿಯಿತು. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಹೋಗಿ ಗಾಳಿಯಂತ್ರದ ರೆಕ್ಕೆ ಸದ್ದು ರೆಕಾರ್ಡ್ ಮಾಡಿದೆ. ಮೊದಲ ದಿನ ಗಾಳಿ ಮೈಕಿಗೇ ಬಡಿದು ಎಲ್ಲ ಹಾಳು. ಇನ್ನೊಂದು ಸಂಜೆ ಸುಮ್ನೆ ಮಂಡಕ್ಕಿ ಭಟ್ಟಿ ಹತ್ತಿರ ನಿಂತಿದ್ದೆ. ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಕಿವಿಗೆ ಬಿತ್ತು. ಮೊಬೈಲಿನಲ್ಲೇ ಹಿಡಿದು, ನಿಧಾನ ಮಾಡಿ ಕೇಳಿದೆ. ಯಾರೋ ಮೈಚರ್ಮ ಕಳಚುತ್ತಿರುವ ಹಾಗಿತ್ತು! ಕಡ್ಲೆ ಹುರಿಯುವ ಸದ್ದನ್ನೂ ಹಾಗೇ ಮಾಡಿ ನೋಡಿದೆ. ಅದು ಎಷ್ಟು ನಿಧಾನ ಮಾಡಿದರೂ ಕಡ್ಲೆಯೇ.

ಒಟ್ಟು ನಲವತ್ತು ಸಾವಿರದ ಹತ್ತಿರ ಖರ್ಚಾಯಿತು. ಹೋದ ತಿಂಗಳು ತಾರಸಿ ಮೇಲೆ ಬಿಳಿ ಬೆಡ್‌ಶೀಟ್ ಕಟ್ಟಿ ಮೂವತ್ತು ಜನಕ್ಕೆ ತೋರಿಸಿದೆ. ಒಬ್ಬರೂ ಮೊಬೈಲ್ ತೆಗೆಯಲಿಲ್ಲ. ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. "ಯಾರು ನೋಡ್ತಾರಲೇ" ಅಂದಿದ್ದ ಗೆಳೆಯನೇ ಮೆಟ್ಟಿಲಲ್ಲಿ ನನ್ನ ಕೈ ಹಿಡಿದ. "ಅವ್ನು ಎಲ್ಲಿಗೆ ಹೋದ್ನಲೇ?" ನಾನು ಹೇಳಲಿಲ್ಲ. ಮಾರನೇ ದಿನ ಬೆಣ್ಣೆ ದೋಸೆ ತಿನ್ನುವಾಗ ಮತ್ತೆ ಅದನ್ನೇ ಕೇಳಿದ.