ನೀರಿನ ಸಾಂದ್ರತೆ ಅಳೆಯುವುದು ಹೇಗೆ? ಮೊದಲು ಬ್ಯುರೆಟ್ ಹುಡುಕಿ

ನೀರಿನ ಸಾಂದ್ರತೆ ಎಷ್ಟು ಎಂದು ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದೇ ಅಲ್ಲಿ. ಉತ್ತರ 0.96 ಬಂದರೆ ವಿದ್ಯಾರ್ಥಿಗಳು ಮತ್ತೆ ಅಳೆಯುವುದಿಲ್ಲ. ರೀಡಿಂಗನ್ನೇ ಸುಮ್ನೆ ತಿದ್ದಿ 1.00 ಮಾಡಿಬಿಡುತ್ತಾರೆ. ಹಾಗೆ ತಿದ್ದಿದ ರೆಕಾರ್ಡ್ ಪುಸ್ತಕಗಳನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ಹುಡುಕುತ್ತಾ ಹೋದರೆ ಅದು ತೂಕದಲ್ಲಿ ಸಿಗುವುದು ಅಪರೂಪ. ಗಾತ್ರದಲ್ಲೇ ಕೂತಿರುತ್ತದೆ.

ಬೇಕಾದದ್ದು ಇಷ್ಟು: 50 ಮಿ.ಲೀ. ಬ್ಯುರೆಟ್ (ಅಳತೆ ಗೆರೆಗಳಿರುವ, ಕೆಳಗೆ ನಲ್ಲಿ ಇರುವ ಉದ್ದನೆಯ ಗಾಜಿನ ಕೊಳವೆ), ಮುಚ್ಚಳವಿರುವ ಒಣ ಫ್ಲಾಸ್ಕ್, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ, ಥರ್ಮಾಮೀಟರ್. ಬೀಕರಿನ ಮೇಲೆ ಅಚ್ಚಾದ ಗೆರೆಗಳನ್ನು ನಂಬಲೇಬೇಡಿ, ಅವು ಬರೀ ಅಂದಾಜಿಗೆ. 100 ಮಿ.ಲೀ. ಅಳತೆ ಜಾಡಿ ಕೂಡ ಅರ್ಧ ಅಥವಾ ಒಂದು ಮಿ.ಲೀ. ಆಚೀಚೆ ಇರಬಹುದು. ಒಳ್ಳೆಯ ಬ್ಯುರೆಟ್ಟಿನಲ್ಲಿ ಆ ವ್ಯತ್ಯಾಸ 0.05 ಮಿ.ಲೀ. ಮಾತ್ರ. ಅಂದರೆ ಹೆಚ್ಚುಕಮ್ಮಿ ಒಂದು ಹನಿ.

ಹಂತ 1: ಫ್ಯಾನ್ ಆರಿಸಿ. ಫ್ಲಾಸ್ಕನ್ನು ಮುಚ್ಚಳದ ಸಮೇತ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ.

ಹಂತ 2: ನೀರಿನ ಉಷ್ಣತೆ ಬರೆದುಕೊಂಡು ಬ್ಯುರೆಟ್ ತುಂಬಿಸಿ. ಆಲಿಕೆಯನ್ನು ತಕ್ಷಣ ತೆಗೆದಿಡಿ. ಅಲ್ಲೇ ಬಿಟ್ಟರೆ ಅದರಿಂದ ಹನಿ ಜಾರಿ ಲೆಕ್ಕ ಕೆಡುತ್ತದೆ.

ಹಂತ 3: ಎಲ್ಲರೂ ಎಡವುವುದು ಇಲ್ಲಿ, ನಿಧಾನವಾಗಿ ಮಾಡಿ. ಮೊದಲು ನಲ್ಲಿಯ ಕೆಳಗಿನ ತುದಿ ನೋಡಿ. ಅಲ್ಲಿ ಗಾಳಿಗುಳ್ಳೆ ಇದ್ದರೆ ನಲ್ಲಿಯನ್ನು ಒಮ್ಮೆ ಪೂರ್ತಿ ತೆರೆದು ರಭಸವಾಗಿ ನೀರು ಬಿಟ್ಟು ಓಡಿಸಿ. ತುದಿಯಲ್ಲಿ ನೇತಾಡುವ ಹನಿಯನ್ನು ಬೇರೊಂದು ಬೀಕರಿನ ಗೋಡೆಗೆ ತಾಗಿಸಿ ತೆಗೆಯಿರಿ. ಒಳಗೋಡೆಯ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತಿದೆಯೇ? ಹಾಗಾದರೆ ಬ್ಯುರೆಟ್ಟಿಗೆ ಜಿಡ್ಡು ಹತ್ತಿದೆ. ತೊಳೆಯದೆ ಮುಂದೆ ಹೋಗಬೇಡಿ.

ಇನ್ನು ರೀಡಿಂಗ್. ಗಾಜಿನ ಕೊಳವೆಯಲ್ಲಿ ನೀರಿನ ಮೇಲ್ಮೈ ಬಟ್ಟಲಿನಂತೆ ತಗ್ಗಿರುತ್ತದೆ. ಆ ತಗ್ಗಿನ ತಳವನ್ನೇ ಓದಬೇಕು. ಕಣ್ಣು ಅದರ ನೇರಕ್ಕೆ ಇರಲಿ. ಮೇಲಿಂದ ನೋಡಿದರೆ ಒಂದು ಅಂಕಿ, ಕೆಳಗಿಂದ ನೋಡಿದರೆ ಇನ್ನೊಂದು. ಹಿಂದೆ ಕಪ್ಪು ಪಟ್ಟಿ ಎಳೆದ ಬಿಳಿ ಕಾರ್ಡ್ ಹಿಡಿದರೆ ತಳ ಚೆನ್ನಾಗಿ ಕಾಣುತ್ತದೆ. ಬ್ಯುರೆಟ್ಟಿನಲ್ಲಿ ಸೊನ್ನೆ ಇರುವುದು ಮೇಲೆ, ಅಂಕಿಗಳು ಕೆಳಕ್ಕೆ ಏರುತ್ತವೆ. ಅಳತೆ ಜಾಡಿಯ ಅಭ್ಯಾಸದಲ್ಲಿ 12.3 ಅನ್ನು 13.7 ಎಂದು ಬರೆದವರು ಎಷ್ಟು ಜನವೋ!

ಹಂತ 4: ಸುಮಾರು 10 ಮಿ.ಲೀ. ನೀರನ್ನು ಫ್ಲಾಸ್ಕಿಗೆ ಬಿಡಿ. ಸುಮಾರು ಎಂದರೆ ಸುಮಾರೇ. ಸರಿಯಾಗಿ 10.00ಕ್ಕೆ ನಿಲ್ಲಿಸುವ ಹಟ ಬೇಡ. 9.85ಕ್ಕೆ ನಿಂತರೆ 9.85 ಎಂದೇ ಬರೆಯಿರಿ. ಕೊನೆಯ ಹನಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ, ನಲ್ಲಿ ಮುಚ್ಚಿ ಅರ್ಧ ನಿಮಿಷ ಕಾದು ಓದಿ. ಒಳಗೋಡೆಯ ನೀರು ಇಳಿಯಲು ಅಷ್ಟು ಹೊತ್ತು ಬೇಕು. ಮುಚ್ಚಳ ಹಾಕಿ ತೂಗಿ. ಫ್ಲಾಸ್ಕ್ ಖಾಲಿ ಮಾಡದೆ, ಮತ್ತೆ ಸೊನ್ನೆ ಮಾಡದೆ, ಹೀಗೇ 45 ಮಿ.ಲೀ. ದಾಟುವವರೆಗೆ ಮುಂದುವರಿಸಿ.

ಹಂತ 5: ಗಾತ್ರ ಅಡ್ಡಕ್ಕೆ, ತೂಕ ಉದ್ದಕ್ಕೆ ಇಟ್ಟು ಗ್ರಾಫ್ ಬರೆಯಿರಿ. ಗೆರೆಯ ಇಳಿಜಾರೇ ಸಾಂದ್ರತೆ. ಒಂದೇ ಸಲ ತೂಗಿ ಭಾಗಿಸಿದರೆ ಸಾಕಲ್ವಾ ಎಂದು ಕೇಳುವವರಿದ್ದಾರೆ. ಸಾಲದು. ತುದಿಯಲ್ಲಿ 0.3 ಮಿ.ಲೀ. ಗಾಳಿಗುಳ್ಳೆ ಉಳಿದು ಮೊದಲ ಸಲವೇ ಹೊರಬಿತ್ತು ಎಂದುಕೊಳ್ಳಿ. ಒಂದೇ ಸಲ 10 ಮಿ.ಲೀ. ತೂಗಿ ಭಾಗಿಸಿದವರಿಗೆ 0.97ರ ಹತ್ತಿರ ಬರುತ್ತದೆ. ಗ್ರಾಫಿನಲ್ಲಿ ಗೆರೆ ಪೂರ್ತಿ ಕೆಳಗೆ ಸರಿಯುತ್ತದೆ, ಇಳಿಜಾರು ಮಾತ್ರ ಬದಲಾಗುವುದಿಲ್ಲ. ಗೆರೆ ಸೊನ್ನೆಯ ಮೂಲಕ ಹೋಗದಿದ್ದರೆ ಎಳೆದು ತಂದು ಅಲ್ಲಿ ಕೂರಿಸಬೇಡಿ.

ಉತ್ತರವನ್ನು 1ರ ಜೊತೆ ಹೋಲಿಸಬೇಡಿ. ಅದು 4 ಡಿಗ್ರಿ ಸೆಲ್ಸಿಯಸ್ ನೀರಿನದು. 25 ಡಿಗ್ರಿಯಲ್ಲಿ 0.997 ಗ್ರಾಂ/ಮಿ.ಲೀ., 30ರಲ್ಲಿ 0.996. ನಿಮಗೆ ಇನ್ನೂ 0.001 ಕಡಿಮೆ ಬಂದರೆ ಗಾಬರಿ ಬೇಡ. ಗಾಳಿಯೂ ನೀರನ್ನು ಅಷ್ಟು ಮೇಲಕ್ಕೆ ತಳ್ಳುತ್ತದೆ, ತಕ್ಕಡಿ ಕಡಿಮೆ ತೋರಿಸುತ್ತದೆ. ಮತ್ತೆ, ಕ್ಯಾಲ್ಕುಲೇಟರ್ 0.99648213 ಎಂದರೂ ನೀವು 0.996 ಬರೆದು ಅಲ್ಲಿಗೇ ನಿಲ್ಲಿಸಿ.