ಶ್ರೀರಂಗಪಟ್ಟಣದಲ್ಲಿ ಮನೆ ರಿಪೇರಿ, ಚರಂಡಿ, ಸ್ನಾನಘಟ್ಟ: ಯಾರಿಗೆ, ಯಾವಾಗ, ಹೇಗೆ ಅರ್ಜಿ ಕೊಡಬೇಕು

ಶ್ರೀರಂಗಪಟ್ಟಣದ ಕೋಟೆಯೊಳಗಿನ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಅರ್ಜಿ ಸಂಬಂಧವಿಲ್ಲದ ಕಚೇರಿಗೆ ಹೋಗಿರುತ್ತದೆ. ಎರಡು, ‘ಇಲ್ಲಿ ಪುರಾತತ್ವ ಇಲಾಖೆಯವರು ಬಿಡೋದಿಲ್ಲ’ ಎಂಬ ಮಾತು ಕೇಳಿ ಅರ್ಜಿದಾರರೇ ಸುಮ್ಮನಾಗುತ್ತಾರೆ. ಈ ಮಾತು ಕೆಲವು ಕೆಲಸಗಳಿಗೆ ಪೂರ್ತಿ ನಿಜ, ಕೆಲವಕ್ಕೆ ಪೂರ್ತಿ ತಪ್ಪು. ಯಾವುದಕ್ಕೆ ನಿಜ, ಯಾವುದಕ್ಕೆ ತಪ್ಪು ಎಂಬುದು ಊರಿನ ಪ್ರತಿ ಮನೆಗೂ ಗೊತ್ತಿರಬೇಕು.

ಮೊದಲು ಯಾವುದು ಯಾರದು ಎಂಬುದು. ಬೀದಿ, ಚರಂಡಿ, ಬೀದಿದೀಪ, ಕಸ ಪುರಸಭೆಯವು. ಅರ್ಜಿ ಮುಖ್ಯಾಧಿಕಾರಿಗಳ ಹೆಸರಿಗೆ. ಕಂಬ, ಜೋತುಬಿದ್ದ ತಂತಿ ವಿದ್ಯುತ್ ಕಂಪನಿಯಾದ ಸೆಸ್ಕ್‌ಗೆ ಸೇರಿದವು. 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಬಂಗಾರದೊಡ್ಡಿ ನಾಲೆಯ ಹೂಳು, ಒಡೆದ ಏರಿ ಕಾವೇರಿ ನೀರಾವರಿ ನಿಗಮದ್ದು. ಹಳಿಯ ಪಕ್ಕದ ಜಾಗ ನೈರುತ್ಯ ರೈಲ್ವೆಯದು. ರಂಗನಾಥಸ್ವಾಮಿ ದೇವಸ್ಥಾನದ ವಿಷಯದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಕಟ್ಟಡದ ಸಂರಕ್ಷಣೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ಪೂಜೆ ಮತ್ತು ಭಕ್ತರ ವ್ಯವಸ್ಥೆ ಮುಜರಾಯಿ ಇಲಾಖೆಯ ಕಾರ್ಯನಿರ್ವಾಹಕ ಅಧಿಕಾರಿಯದು, ಎದುರಿನ ಬೀದಿ ಪುರಸಭೆಯದು. ರಥಸಪ್ತಮಿ ತೇರಿನ ಮರುದಿನ ಬೀದಿಯಲ್ಲಿ ಉಳಿದ ಕಸದ ಬಗ್ಗೆ ದೇವಸ್ಥಾನದ ಕಚೇರಿಗೆ ಬರೆದರೆ ಉಪಯೋಗವಿಲ್ಲ.

ಈಗ ನೂರು ಮೀಟರಿನ ವಿಷಯ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಗಡಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗೋಪುರದಿಂದಲೋ ಮಿನಾರಿನಿಂದಲೋ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಗೋಪುರದ ಬುಡದಿಂದ ಟೇಪು ಹಿಡಿದು ‘ನಮ್ಮ ಮನೆ 110 ಮೀಟರ್ ಆಚೆ ಇದೆ’ ಎಂದು ತಳಪಾಯ ತೆಗೆದವರಿಗೆ ನೋಟಿಸ್ ಬರುವುದು ಇದರಿಂದಲೇ. ಮೇಲಾಗಿ ನಮ್ಮೂರಲ್ಲಿ ಸ್ಮಾರಕ ಒಂದೇ ಅಲ್ಲ. ರಂಗನಾಥಸ್ವಾಮಿ ದೇವಸ್ಥಾನ, ಜುಮ್ಮಾ ಮಸೀದಿ, ಕರ್ನಲ್ ಬೇಯ್ಲಿ ಮತ್ತು ಇನ್ಮನ್ ಹೆಸರಿನ ಎರಡು ಬಂದೀಖಾನೆ, ಟಿಪ್ಪುವಿನ ದೇಹ ಸಿಕ್ಕಿದ ಜಾಗ, ನರಸಿಂಹಸ್ವಾಮಿ ಗುಡಿಯ ಕಂಠೀರವರ ಮೂರ್ತಿ, ಕೋಟೆ ಒಡೆದ ಕಡೆಯ ಗೋಡೆ ಮತ್ತು ಸ್ಮಾರಕ ಸ್ತಂಭ, ಆಚೆಗೆ ದರಿಯಾ ದೌಲತ್, ಗುಂಬಜ್ ಎಲ್ಲವೂ ಕೇಂದ್ರದ ಪಟ್ಟಿಯಲ್ಲಿವೆ. ಕೋಟೆಯೊಳಗೆ ಒಂದರ ವಲಯ ಮುಗಿಯುವ ಮೊದಲೇ ಇನ್ನೊಂದರದು ಶುರುವಾಗಿರುತ್ತದೆ. ಆದ್ದರಿಂದ ಹತ್ತಿರದ ಒಂದನ್ನಷ್ಟೇ ಅಳೆಯದೆ, 300 ಮೀಟರಿನೊಳಗೆ ಬರುವ ಎಲ್ಲ ಸ್ಮಾರಕಗಳ ಹೆಸರು ಮತ್ತು ದೂರವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗಡಿ ಎಲ್ಲಿದೆಯೆಂಬ ಅನುಮಾನವಿದ್ದರೆ ಪುರಾತತ್ವ ಇಲಾಖೆಯ ಬೆಂಗಳೂರು ವೃತ್ತದಿಂದ ಸಂರಕ್ಷಿತ ಪ್ರದೇಶದ ಸರ್ವೆ ನಕ್ಷೆಯ ಪ್ರತಿ ಕೇಳಿ. ರಾಜ್ಯ ಪುರಾತತ್ವ ಇಲಾಖೆಯ ಪಟ್ಟಿಯ ಸ್ಮಾರಕಗಳಿಗೆ 1961ರ ಬೇರೆಯೇ ಕಾಯ್ದೆ ಇದೆ. ಎರಡನ್ನೂ ಬೆರೆಸಿ ಓದಬೇಡಿ.

ನಿಮ್ಮ ಮನೆ ನಿಷೇಧಿತ ಪ್ರದೇಶದಲ್ಲಿದ್ದರೆ ಹೊಸ ನಿರ್ಮಾಣವಿಲ್ಲ, ಮೇಲ್ಮಹಡಿ ಇಲ್ಲ, ಕೆಡವಿ ಕಟ್ಟುವುದೂ ಇಲ್ಲ. ದುರಸ್ತಿ ಮತ್ತು ನವೀಕರಣಕ್ಕೆ ಅವಕಾಶವಿದೆ, ಆದರೆ ಅನುಮತಿ ಪಡೆದು. ಮುರಿದ ಜಂತೆ ಬದಲಿಸುವುದು, ಹಂಚು ಹೊದಿಸುವುದು, ಗಾರೆ ಮಾಡುವುದು, ನೆಲ ಹಾಕುವುದು ದುರಸ್ತಿ. ಬಿದ್ದ ಗೋಡೆಯನ್ನು ತಳಪಾಯದಿಂದ ಎಬ್ಬಿಸುವುದು, ಹಂಚಿನ ಮಾಡು ತೆಗೆದು ಆರ್‌ಸಿಸಿ ಹಾಕಿ ಎತ್ತರ ಏರಿಸುವುದು ದುರಸ್ತಿಯೆಂದು ಒಪ್ಪಿಗೆಯಾಗುವುದಿಲ್ಲ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವುದಕ್ಕೂ ಅವಕಾಶವುಂಟು, ಅದೂ ಅನುಮತಿಯ ಮೇಲೆ.

ದುರಸ್ತಿ ಅರ್ಜಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ತಾರೀಖು 1992ರ ಜೂನ್ 16. ನಿಷೇಧಿತ ಪ್ರದೇಶದ ಕಟ್ಟಡ ಅದಕ್ಕೂ ಮೊದಲೇ ಇತ್ತು ಎಂದು ನೀವು ತೋರಿಸಬೇಕು, ಇಲ್ಲವೇ ಆಮೇಲೆ ಇಲಾಖೆಯ ಒಪ್ಪಿಗೆ ಪಡೆದು ಕಟ್ಟಿದ್ದೆಂದು ತೋರಿಸಬೇಕು. ಇದಕ್ಕೆ ಗಟ್ಟಿ ಪುರಾವೆ ಪುರಸಭೆಯ ಹಳೆಯ ತೆರಿಗೆ ವಹಿಯ ದೃಢೀಕೃತ ನಕಲು. ಜೊತೆಗೆ ಮನೆಯ ವಿವರವಿರುವ ನೋಂದಾಯಿತ ಕ್ರಯಪತ್ರ ಅಥವಾ ವಿಭಾಗಪತ್ರ, ಹಳೆಯ ಕಂದಾಯ ರಸೀದಿ, ವಿದ್ಯುತ್ ಸಂಪರ್ಕ ಪಡೆದ ದಾಖಲೆ ಇಡಿ. ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದ್ದರೆ ಅದನ್ನು ಮೊದಲು ಸರಿಮಾಡಿ: ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಕೊಟ್ಟು ಖಾತೆ ಬದಲಾಯಿಸಿ, ಇ-ಖಾತೆಯ ನಮೂನೆ-3 ತೆಗೆದುಕೊಳ್ಳಿ. ಅರ್ಜಿ ಹಿಂದಕ್ಕೆ ಬರುವುದು ಹೆಚ್ಚಾಗಿ ಇಲ್ಲಿಂದಲೇ.

ಅರ್ಜಿ ಹೋಗುವುದು ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರದ ಆನ್‌ಲೈನ್ ವ್ಯವಸ್ಥೆಯ ಮೂಲಕ ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಅನುಮತಿ ಕೊಡುವ ಅಧಿಕಾರಿಗೆ. ಮಾಲೀಕತ್ವದ ದಾಖಲೆ, ನಿವೇಶನ ನಕ್ಷೆ, ಈಗಿನ ಮತ್ತು ಉದ್ದೇಶಿತ ಕಟ್ಟಡದ ನಕ್ಷೆ, ಎತ್ತರ, ಫೋಟೊಗಳು ಬೇಕು. ಫೋಟೊ ನಾಲ್ಕೂ ಕಡೆಯಿಂದ ಇರಲಿ. ಸ್ಮಾರಕದ ದಿಕ್ಕಿನಿಂದ ಮನೆ, ಮನೆಯಿಂದ ಸ್ಮಾರಕ ಕಾಣುವ ಫೋಟೊ ಕೂಡ ಇರಲಿ. ‘ಮನೆ ರಿಪೇರಿ’ ಎಂದಷ್ಟೇ ಬರೆಯಬೇಡಿ. ‘ಹಿಂದಿನ ಅಂಕಣದ 6 ಜಂತೆ ಬದಲಾವಣೆ, ಎತ್ತರ ಈಗಿರುವಷ್ಟೇ’ ಎಂದು ಕೆಲಸ ಕೆಲಸವಾಗಿ, ಅಳತೆ ಸಹಿತ ಬರೆಯಿರಿ. ಅಸ್ಪಷ್ಟ ಅರ್ಜಿ ಓದಿದ ಅಧಿಕಾರಿಗೆ ಅದು ಕೆಡವಿ ಕಟ್ಟುವ ಯೋಜನೆಯಂತೆಯೇ ಕಾಣುತ್ತದೆ.

ಕಾಯ್ದೆ ಹೇಳುವ ಗಡುವು ಹೀಗಿದೆ: ಸಕ್ಷಮ ಪ್ರಾಧಿಕಾರ 15 ದಿನದಲ್ಲಿ ಅರ್ಜಿಯನ್ನು ರಾಷ್ಟ್ರೀಯ ಪ್ರಾಧಿಕಾರಕ್ಕೆ ಕಳಿಸಬೇಕು, ಅದು ಎರಡು ತಿಂಗಳಲ್ಲಿ ಶಿಫಾರಸು ಹೇಳಬೇಕು, ಶಿಫಾರಸು ತಲುಪಿದ ಒಂದು ತಿಂಗಳಲ್ಲಿ ಅನುಮತಿ ಅಥವಾ ನಿರಾಕರಣೆ ಬರಬೇಕು. ಒಟ್ಟು ಮೂರೂವರೆ ತಿಂಗಳು. ಯುಗಾದಿ ಕಳೆದು ಕೆಲಸ ಹಿಡಿದು ಮುಂಗಾರಿಗೆ ಮೊದಲು ಮಾಡು ಮುಚ್ಚಬೇಕೆಂದಿದ್ದರೆ ನವೆಂಬರ್ ಕೊನೆಯೊಳಗೆ ಅರ್ಜಿ ಹಾಕಿ. ಏಪ್ರಿಲ್‌ನಲ್ಲಿ ಹಾಕಿದರೆ ಅನುಮತಿ ಸಿಗುವ ಹೊತ್ತಿಗೆ ಮಳೆಯೂ ಆಷಾಢವೂ ಹಿಡಿದಿರುತ್ತವೆ. ಈ ಅನುಮತಿ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಪುರಸಭೆಯ ಪರವಾನಗಿ ಬೇಕಾಗುವ ಕೆಲಸವಾದರೆ ಅದನ್ನೂ ಪ್ರತ್ಯೇಕವಾಗಿ ಪಡೆಯಬೇಕು.

ಕೆಲಸ ಹಿಡಿದಾಗ ಹಳೆಯ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಸಬೇಡಿ. ನದಿ ಸುತ್ತುವರಿದ ಊರಿನ ನೆಲದಿಂದ ತೇವ ಗೋಡೆಗೆ ಏರುತ್ತಲೇ ಇರುತ್ತದೆ. ಸುಣ್ಣ ಅದನ್ನು ಆವಿಯಾಗಲು ಬಿಡುತ್ತದೆ, ಸಿಮೆಂಟ್ ಒಳಗೇ ತಡೆಯುತ್ತದೆ. ಸ್ವಲ್ಪ ಕಾಲದಲ್ಲೇ ಉಪ್ಪು ಹೂವಿಟ್ಟು ಒಳಗಿನ ಇಟ್ಟಿಗೆ ಪುಡಿಯಾಗಲು ತೊಡಗುತ್ತದೆ. ಚೆನ್ನಾಗಿ ಅರಳಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು ಸಾಕು. ಒಣಗುವಾಗ ಬಿಸಿಲು ತಾಗದಂತೆ ಗೋಣಿ ಇಳಿಬಿಟ್ಟು ನೀರು ಚಿಮುಕಿಸಬೇಕು.

ಇನ್ನು ಚರಂಡಿ. ನಮ್ಮೂರಲ್ಲಿ ಅತಿ ಹೆಚ್ಚು ಅನ್ಯಾಯವಾಗಿರುವುದು ಇಲ್ಲಿಯೇ. ಹೂಳು ತುಂಬಿದ ಚರಂಡಿಗೂ ಸಾರ್ವಜನಿಕ ಶೌಚಾಲಯಕ್ಕೂ ಸ್ಮಾರಕದ ಹೆಸರು ಹೇಳಿ ಜನರನ್ನು ವಾಪಸ್ ಕಳಿಸುವುದುಂಟು. ಅದೇ 1958ರ ಕಾಯ್ದೆಯ 2ನೇ ಕಲಮಿನಲ್ಲಿ ‘ನಿರ್ಮಾಣ’ಕ್ಕೆ ಕೊಟ್ಟಿರುವ ವ್ಯಾಖ್ಯೆಯೊಳಗೆ ಚರಂಡಿ ಕಟ್ಟುವುದು, ನಿರ್ವಹಿಸುವುದು, ಶುಚಿ ಮಾಡುವುದು ಬರುವುದಿಲ್ಲ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ನೀರು ಪೂರೈಕೆ, ವಿದ್ಯುತ್ ವಿತರಣೆಯ ಕೆಲಸಗಳೂ ಬರುವುದಿಲ್ಲ. ಅಂದರೆ 100 ಮೀಟರಿನ ನಿಷೇಧ ಇವಕ್ಕೆ ತಡೆಯಲ್ಲ. ಅರ್ಜಿಯಲ್ಲಿ ಈ ಕಲಮನ್ನು ಹೆಸರಿಸಿ ಬರೆಯಿರಿ. ಹಾಗಿದ್ದೂ ಆಗುವುದಿಲ್ಲ ಎಂದರೆ, ಯಾವ ಕಲಮಿನ ಪ್ರಕಾರ ಆಗುವುದಿಲ್ಲವೆಂದು ಲಿಖಿತವಾಗಿ ಕೊಡಿ ಎಂದು ವಿನಯದಿಂದಲೇ ಕೇಳಿ. ಆದರೆ ಎರಡು ಎಚ್ಚರಿಕೆ. ಸಂರಕ್ಷಿತ ಗಡಿಯ ಒಳಗೇ ಅಗೆಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕೇ ಬೇಕು. ಬೀದಿಯಲ್ಲಿ ಅಗೆಯುವಾಗಲೂ ಹಳೆಯ ಕಲ್ಲುಕಟ್ಟಡ, ನಾಣ್ಯ, ಫಿರಂಗಿ ಗುಂಡು ಸಿಕ್ಕರೆ ಜೆಸಿಬಿ ನಿಲ್ಲಿಸಿ ಇಲಾಖೆಗೆ ತಿಳಿಸಬೇಕು. ಕೋಟೆ ಗೋಡೆಯ ಬುಡದಲ್ಲಿ ಯಂತ್ರಕ್ಕಿಂತ ಕೈಯಿಂದ ಹೂಳೆತ್ತಲು ಕೇಳುವುದೇ ಸರಿ. 2017ರಲ್ಲಿ ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನಮನೆಯನ್ನೇ ಒಡೆಯದೆ ಇಡಿಯಾಗಿ ಸರಿಸಿ ರೈಲಿಗೆ ದಾರಿ ಮಾಡಿಕೊಟ್ಟ ಊರು ಇದು. ಮನಸ್ಸಿಟ್ಟರೆ ಸ್ಮಾರಕಕ್ಕೆ ಧಕ್ಕೆಯಾಗದೆ ಚರಂಡಿಯೂ ಹರಿಯುತ್ತದೆ.

ಅರ್ಜಿ ಒಂದೇ ಪುಟದಲ್ಲಿರಲಿ, ಒಂದೇ ವಿಷಯದ್ದಿರಲಿ. ವಾರ್ಡ್ ಸಂಖ್ಯೆ, ಬೀದಿ, ಎಲ್ಲಿಂದ ಎಲ್ಲಿಗೆ ಎಷ್ಟು ಮೀಟರ್, ಏನಾಗಿದೆ, ಏನು ಬೇಕು ಎಂದು ಬರೆದು ಎರಡು ಫೋಟೊ ಲಗತ್ತಿಸಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ಖಾತೆ, ಕಟ್ಟಡ ಪರವಾನಗಿಯಂಥವು ಸಕಾಲ ವ್ಯಾಪ್ತಿಯಲ್ಲಿವೆ. ಅವಕ್ಕೆ 15 ಅಂಕಿಯ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವಿದೆ. ಹಣ ಚಿಕ್ಕದಾದರೂ ಆ ಸಂಖ್ಯೆ ಇರುವ ಕಡತ ಮೂಲೆಗೆ ಸೇರುವುದಿಲ್ಲ. ಬೀದಿಯ ದೂರುಗಳಿಗೆ ಜನಹಿತ ಆ್ಯಪ್ ಅಥವಾ 1902 ಸಹಾಯವಾಣಿ ಬಳಸಿ. ಕೆಲಸ ಆಗದೆ ದೂರು ‘ಇತ್ಯರ್ಥ’ ಎಂದು ಮುಚ್ಚಿಹೋದರೆ ಆ ದಿನದ ಫೋಟೊ ತೆಗೆದು, ಹಳೆಯ ಸಂಖ್ಯೆ ಸಮೇತ ಮಂಡ್ಯದ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ಬರೆಯಿರಿ.

ಆಮೇಲೂ ಅಲುಗದಿದ್ದರೆ ಮಾಹಿತಿ ಹಕ್ಕು. ಪುರಸಭೆಗೆ ಕರ್ನಾಟಕದ ನಿಯಮ ಅನ್ವಯ: ನಮೂನೆ-ಎ, 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಪುರಾತತ್ವ ಇಲಾಖೆ ಕೇಂದ್ರದ್ದಾದ್ದರಿಂದ ಅಲ್ಲಿ ಮಿತಿ 500 ಪದ, ಆನ್‌ಲೈನಿನಲ್ಲೇ ಹಾಕಬಹುದು. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ದಾಖಲೆ ಕೇಳಬೇಕು. ಮಾದರಿ ಇಲ್ಲಿದೆ:

‘ಇಂಥ ವಾರ್ಡಿನ ಇಂಥ ಬೀದಿಯ ಚರಂಡಿ ಕಾಮಗಾರಿಗೆ ಸಂಬಂಧಿಸಿ, ಇಂಥ ಆರ್ಥಿಕ ವರ್ಷದ 1) ಅಂದಾಜುಪಟ್ಟಿ, 2) ಕಾರ್ಯಾದೇಶ, 3) ಅಳತೆ ಪುಸ್ತಕದ ಸಂಬಂಧಿತ ಪುಟಗಳು, 4) ಬಿಲ್ ಪಾವತಿಯ ದಾಖಲೆ, ಇವುಗಳ ದೃಢೀಕೃತ ಪ್ರತಿ ಒದಗಿಸಿ.’

ಅಳತೆ ಪುಸ್ತಕದ ಪುಟ ಕೈಗೆ ಬಂದರೆ ಬೀದಿಯಲ್ಲಿ ಟೇಪು ಹಿಡಿದು ಹೋಲಿಸಿ ನೋಡಬಹುದು. 30 ದಿನದಲ್ಲಿ ಉತ್ತರವಿಲ್ಲದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಸ್ನಾನಘಟ್ಟಗಳ ಕಥೆ ಬೇರೆ. ಸಂಗಮ, ಗೋಸಾಯಿ ಘಾಟ್, ಪಶ್ಚಿಮವಾಹಿನಿಗೆ ಅಸ್ಥಿ ವಿಸರ್ಜನೆಗೆ ಬರುವವರು ಬಟ್ಟೆ, ಮಡಕೆ, ಪ್ಲಾಸ್ಟಿಕ್ ಹೊಳೆಗೇ ಬಿಡುತ್ತಾರೆ. ದುಃಖದಲ್ಲಿ ಬಂದವರನ್ನು ಗದರಿಸುವುದು ತರವಲ್ಲ, ಬೋರ್ಡು ಓದುವ ಸ್ಥಿತಿಯಲ್ಲಿ ಅವರು ಇರುವುದೂ ಇಲ್ಲ. ಕೇಳಬೇಕಾದದ್ದು ಕೊನೆಯ ಮೆಟ್ಟಿಲಿನ ಪಕ್ಕದಲ್ಲೇ ಬಟ್ಟೆಗೊಂದು, ಹೂವು-ಮಡಕೆಗೊಂದು ತೊಟ್ಟಿ, ಅದನ್ನು ದಿನವೂ ಖಾಲಿ ಮಾಡುವ ಆಳು. ಕ್ರಿಯೆ ಮಾಡಿಸುವ ಪುರೋಹಿತರನ್ನು ಮೊದಲೇ ಒಪ್ಪಿಸಿಕೊಳ್ಳಿ. ‘ಬಟ್ಟೆ ಇಲ್ಲಿ ಹಾಕಿ’ ಎಂದು ಅವರು ಹೇಳಿದರೆ ಎಲ್ಲರೂ ಕೇಳುತ್ತಾರೆ. ಜಾಗ ಪುರಸಭೆ ವ್ಯಾಪ್ತಿಯೋ ಗ್ರಾಮ ಪಂಚಾಯಿತಿಯದೋ ಎಂಬುದನ್ನು ದಂಡೆವಾರು ಖಚಿತಪಡಿಸಿಕೊಂಡು ಅರ್ಜಿ ಕೊಡಿ. ಮೆಟ್ಟಿಲ ದುರಸ್ತಿಯ ಬೇಡಿಕೆ ಬೇಸಿಗೆಯ ಆರಂಭದಲ್ಲೇ ಹೋಗಲಿ. ಕೆಆರ್‌ಎಸ್‌ನಿಂದ ಹೊರಹರಿವು ಏರಿದರೆ ಮೆಟ್ಟಿಲೇ ಕಾಣುವುದಿಲ್ಲ.

ಇಷ್ಟಕ್ಕೂ ಹಣ ಬೇಕು, ಹಣ ನಿಗದಿಯಾಗುವುದು ಬಜೆಟ್ಟಿನಲ್ಲಿ. ಮಾರ್ಚಿಗೆ ಮುನ್ನ ಪುರಸಭೆ ಕರೆಯುವ ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರು ಹೋಗಬಹುದು. ಸಭೆಯ ತಾರೀಖನ್ನು ಡಿಸೆಂಬರ್‌ನಿಂದಲೇ ಕಚೇರಿಯ ಸೂಚನಾ ಫಲಕದಲ್ಲಿ ನೋಡುತ್ತಿರಿ. ಬರಿಗೈಯಲ್ಲಿ ಹೋಗಿ ಭಾಷಣ ಮಾಡಿದರೆ ನಡಾವಳಿಯಲ್ಲಿ ಏನೂ ದಾಖಲಾಗುವುದಿಲ್ಲ. ಬೀದಿಯ ಹತ್ತು ಮನೆಯವರ ಸಹಿಯಿರುವ, ಒಂದೇ ಕೆಲಸದ, ಅಳತೆ ಸಹಿತ ಬೇಡಿಕೆ ಪತ್ರ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಬಜೆಟ್ ಮಂಡನೆಯಾದ ಮೇಲೆ ಅದರ ಪ್ರತಿ ಪಡೆದು ನಿಮ್ಮ ಬೀದಿಯ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಅದೇ ಪತ್ರದ ನಕಲನ್ನು ವಾರ್ಡಿನ ಸದಸ್ಯರ ಮೂಲಕ ಮುಂದಿನ ಸಾಮಾನ್ಯ ಸಭೆಯ ವಿಷಯಸೂಚಿಗೆ ಸೇರಿಸಲು ಕೊಡಿ.